ರಾಕ್ಷಸ ಪಾತ್ರ (ಬಯಲಾಟ)

ರಾಕ್ಷಸ ಪಾತ್ರ ಎಂಬುದು ಕರ್ನಾಟಕದ ಬಯಲಾಟ ಮತ್ತು ಯಕ್ಷಗಾನ ಪ್ರಸಂಗಗಳಲ್ಲಿ ಬರುವ ದೈತ್ಯ, ದಾನವ, ರಕ್ಕಸ ಹಾಗೂ ರಕ್ಕಸಿಯರ ವೇಷಗಳಿಗೆ ಇರುವ ಸಾಮಾನ್ಯ ಹೆಸರು. ಮನುಷ್ಯೇತರ ಕುಲವೊಂದನ್ನು ಮನುಷ್ಯನೇ ಅಭಿನಯಿಸಿ ತೋರಿಸಬೇಕಾದುದರಿಂದ ಈ ಪಾತ್ರಧಾರಿಯ ಹೊಣೆ ಎರಡು ಬಗೆಯದು. ಮೊದಲ ನೋಟಕ್ಕೇ ಕುಲದ ಗುರುತು ತಿಳಿಯಬೇಕು. ಬಳಿಕ ಆ ಕುಲದೊಳಗಿನ ಒಬ್ಬ ವ್ಯಕ್ತಿಯ ಸ್ವಭಾವವೂ ಪ್ರೇಕ್ಷಕರಿಗೆ ಮನದಟ್ಟಾಗಬೇಕು.

ಪ್ರಾದೇಶಿಕ ಹಿನ್ನೆಲೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳು ಮೂಡಲಪಾಯ ಬಯಲಾಟದ ಸೀಮೆಗೆ ಸೇರಿವೆ. ಕರಾವಳಿ ಮತ್ತು ಮಲೆನಾಡಿನ ಸಂಪ್ರದಾಯವನ್ನು ಪಡುವಲಪಾಯ ಎನ್ನುತ್ತಾರೆ. ಚಿತ್ರದುರ್ಗಕ್ಕೆ ರಾಕ್ಷಸ ಕಥೆಯೊಂದಿಗೆ ನೇರ ನಂಟೂ ಇದೆ. ಮಹಾಭಾರತದ ಹಿಡಿಂಬನು ಇಲ್ಲಿನ ಬೆಟ್ಟದಲ್ಲಿ ವಾಸವಾಗಿದ್ದನೆಂದೂ ಭೀಮನು ಅವನನ್ನು ಇಲ್ಲಿಯೇ ಕೊಂದನೆಂದೂ ಸ್ಥಳೀಯ ಐತಿಹ್ಯವಿದೆ. ಕೋಟೆಯೊಳಗಿನ ಹಿಡಿಂಬೇಶ್ವರ ದೇವಾಲಯವು ಈ ಐತಿಹ್ಯದಿಂದಲೇ ಹೆಸರು ಪಡೆದಿದೆ. ಕೊಲ್ಲಲ್ಪಟ್ಟ ರಾಕ್ಷಸನ ಹೆಸರು ಇಲ್ಲಿ ಶಿವನ ಹೆಸರಿನೊಂದಿಗೆ ಸೇರಿಹೋಗಿರುವುದು ಗಮನಾರ್ಹ.

ವೇಷ ಮತ್ತು ಪ್ರವೇಶ

ಮೂಡಲಪಾಯದಲ್ಲಿ ಕಿರೀಟ, ಭುಜಕೀರ್ತಿ, ಎದೆಹಾರಗಳೊಂದಿಗೆ ಉಗ್ರವಾದ ಮುಖವರ್ಣಿಕೆ ರಾಕ್ಷಸ ವೇಷದ ಲಕ್ಷಣ. ಪಾತ್ರವು ತೆರೆಯ ಹಿಂದಿನಿಂದ ಆರ್ಭಟಿಸುತ್ತಾ ಬರುತ್ತದೆ. ರಂಗದಲ್ಲಿರುವ ಸಾರಥಿಯು ಬಂದವರು ಯಾರು, ಯಾವ ಊರಿನವರು ಎಂದು ವಿಚಾರಿಸುತ್ತಾನೆ. ಪಾತ್ರವು ತನ್ನ ಹೆಸರು, ವಂಶ ಮತ್ತು ಪರಾಕ್ರಮಗಳನ್ನು ತಾನೇ ಹೇಳಿಕೊಳ್ಳುತ್ತದೆ. ವೇಷದಿಂದ ತಿಳಿದ ಕುಲಕ್ಕೆ ಈ ಸಂಭಾಷಣೆಯಿಂದ ಒಂದು ಹೆಸರೂ ಒಂದು ಚರಿತ್ರೆಯೂ ದೊರೆಯುತ್ತವೆ. ‘ಕರಿಭಂಟನ ಕಾಳಗ’ ರಕ್ಕಸಿಯ ಪಾತ್ರವುಳ್ಳ ಜನಪ್ರಿಯ ಮೂಡಲಪಾಯ ಪ್ರಸಂಗ.

ಪಡುವಲಪಾಯದಲ್ಲಿ ಈ ವರ್ಗಕ್ಕೆ ಬಣ್ಣದ ವೇಷವೆಂದು ಹೆಸರು. ರಕ್ಕಸಿಯ ವೇಷವನ್ನು ಹೆಣ್ಣುಬಣ್ಣ ಎನ್ನುತ್ತಾರೆ. ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಮುಖದ ಮೇಲೆ ಚುಟ್ಟಿ ಇಡಲು ಗಂಟೆಗಟ್ಟಲೆ ಸಮಯ ಬೇಕು. ದೀವಟಿಗೆಗೆ ರಾಳದ ಪುಡಿ ಎರಚಿ ಬೆಂಕಿಯ ಜ್ವಾಲೆ ಎಬ್ಬಿಸುವುದುಂಟು. ಶೂರ್ಪನಖಿಯು ಸುಂದರಿಯ ರೂಪ ತಾಳಿದಾಗ ಆ ಭಾಗವನ್ನು ‘ಮಾಯಾ ಶೂರ್ಪನಖಿ’ಯಾಗಿ ಸ್ತ್ರೀವೇಷದ ಬೇರೊಬ್ಬ ಕಲಾವಿದರು ನಿರ್ವಹಿಸುವುದು ವಾಡಿಕೆ.

ಕುಲ ಮತ್ತು ಗುಣ

ಉಗ್ರವೇಷ ಧರಿಸಿ ಅಬ್ಬರಿಸಿದ ಮಾತ್ರಕ್ಕೆ ಪಾತ್ರ ಪೂರ್ಣವಾಗುವುದಿಲ್ಲ ಎಂಬುದಕ್ಕೆ ಹಿಡಿಂಬನ ಕಥೆಯೇ ಉತ್ತಮ ನಿದರ್ಶನ. ಪಾಂಡವರನ್ನು ಕೊಂದು ತರಲು ಹಿಡಿಂಬನು ತಂಗಿ ಹಿಡಿಂಬೆಯನ್ನು ಕಳುಹಿಸುತ್ತಾನೆ. ಅವಳು ಭೀಮನನ್ನು ಮೆಚ್ಚಿ, ಬರಲಿರುವ ಅಪಾಯವನ್ನು ಅವನಿಗೆ ತಿಳಿಸುತ್ತಾಳೆ. ಒಂದೇ ಒಡಲಲ್ಲಿ ಹುಟ್ಟಿದ ಇಬ್ಬರ ಗುಣ ಬೇರೆ ಬೇರೆ. ಅವಳ ಮಗ ಘಟೋತ್ಕಚನು ತಂದೆಯ ಪಕ್ಷದಲ್ಲಿ ಹೋರಾಡಿ, ಕರ್ಣನ ಶಕ್ತ್ಯಾಯುಧಕ್ಕೆ ಬಲಿಯಾಗುತ್ತಾನೆ. ಸಾಯುವಾಗಲೂ ದೇಹವನ್ನು ಬೆಳೆಸಿ ಕೌರವ ಸೇನೆಯ ಮೇಲೆ ಬೀಳುತ್ತಾನೆ. ಆದರೂ ಅವನ ಮರಣಕ್ಕೆ ಸಂತೋಷಪಟ್ಟ ಕೃಷ್ಣನು, ಇವನು ಇಂದು ಸಾಯದಿದ್ದರೆ ಮುಂದೆ ತಾನೇ ಕೊಲ್ಲಬೇಕಾಗಿತ್ತೆಂದು ಹೇಳುವ ಸಂದರ್ಭ ದ್ರೋಣಪರ್ವದಲ್ಲಿದೆ. ನಿಷ್ಠೆಯಿಂದ ದುಡಿದವನನ್ನೂ ಕುಲದ ಹಣೆಪಟ್ಟಿ ಬಿಡಲಿಲ್ಲ. ಘಟೋತ್ಕಚನ ಪಾತ್ರಧಾರಿಯು ರಾಕ್ಷಸ ಗಾಂಭೀರ್ಯದ ಜೊತೆಗೆ ಪುತ್ರವಾತ್ಸಲ್ಯಕ್ಕೆ ಹಂಬಲಿಸುವ ಮಗನನ್ನೂ ತೋರಿಸಬೇಕಾಗುತ್ತದೆ.

ಕನ್ನಡ ಕಾವ್ಯಗಳಲ್ಲಿ ರಾಕ್ಷಸರು

ರಾಕ್ಷಸರೆಂದರೆ ಹುಟ್ಟಿನಿಂದಲೇ ದುಷ್ಟರು ಎಂಬ ನಿಲುವನ್ನು ಕನ್ನಡ ಕವಿಗಳು ಹಿಂದೆಯೇ ಪ್ರಶ್ನಿಸಿದ್ದಾರೆ. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ವು ಜೈನ ಪರಂಪರೆಯನ್ನು ಅನುಸರಿಸಿ ರಾಕ್ಷಸರನ್ನು ವಿದ್ಯಾಧರರ ಒಂದು ವಂಶವೆಂದು ಭಾವಿಸುತ್ತದೆ. ಅಲ್ಲಿ ರಾವಣನು ಸದ್ಗುಣಿಯಾಗಿದ್ದೂ ಪರಸ್ತ್ರೀ ವ್ಯಾಮೋಹದಿಂದ ಪತನ ಹೊಂದುವ ದುರಂತ ನಾಯಕ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ರಾವಣನ ಮನಃಪರಿವರ್ತನೆಯ ಚಿತ್ರಣವಿದೆ.

ಪಾತ್ರಾಭಿನಯ ಆಟಗಳಲ್ಲಿ

ಮೇಜಿನ ಸುತ್ತ ಕುಳಿತು ಮಾತು ಮತ್ತು ದಾಳಗಳ ನೆರವಿನಿಂದ ಆಡುವ ಪಾತ್ರಾಭಿನಯ ಆಟಗಳಲ್ಲಿಯೂ ಇದೇ ಪ್ರಶ್ನೆ ಎದುರಾಗಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ 1974ರಲ್ಲಿ ಪ್ರಕಟವಾಯಿತು. ಇದರಲ್ಲಿ ಆಟಗಾರನು ಎಲ್ಫ್, ಡ್ವಾರ್ಫ್ ಮೊದಲಾದ ಕಲ್ಪಿತ ಕುಲಗಳಲ್ಲಿ ಒಂದನ್ನು ಆರಿಸಿಕೊಂಡು ಪಾತ್ರವನ್ನು ರಚಿಸುತ್ತಾನೆ. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನಲ್ಲಿ ಭಾರತೀಯ ಮೂಲದ ರಾಕ್ಷಸನೂ ಸೇರಿದ್ದಾನೆ. ಆದರೆ ಅಲ್ಲಿ ಅವನನ್ನು ಹುಲಿಮುಖದ ದುಷ್ಟಜೀವಿಯಾಗಿ ಚಿತ್ರಿಸಲಾಗಿದ್ದು, ವಿಭೀಷಣನಂತಹವರಿಗೆ ಎಡೆಯಿಲ್ಲ.

ಇಡೀ ಕುಲಕ್ಕೆ ಒಂದೇ ಗುಣ ಆರೋಪಿಸುವುದು ಸರಿಯಲ್ಲವೆಂಬ ಟೀಕೆ ಈಚಿನ ವರ್ಷಗಳಲ್ಲಿ ಬಲಗೊಂಡಿತು. 2024ರ ನಿಯಮಪುಸ್ತಕದಲ್ಲಿ ‘ರೇಸ್’ ಎಂಬ ಪದದ ಬದಲಿಗೆ ‘ಸ್ಪೀಷೀಸ್’ ಎಂಬ ಪದವನ್ನು ಬಳಸಲಾಯಿತು. ಬಯಲಾಟದ ಸಾರಥಿಯು ವೇಷವನ್ನು ಕಂಡ ಮೇಲೂ ಬಂದವರು ಯಾರೆಂದು ಕೇಳುತ್ತಾನೆ. ಕಲ್ಪಿತ ಕುಲದ ಪಾತ್ರವನ್ನು ನಿರ್ವಹಿಸುವ ಆಟಗಾರನೂ ಉತ್ತರಿಸಬೇಕಾದ ಪ್ರಶ್ನೆ ಅದೇ.