ಕಸದ ಎಣ್ಣಿ ಬೇರು ಸುಡುವುದಿಲ್ಲ

ಅಲಖನೂರ ಇರಲಿ, ರಾಯಬಾಗ-ಅಥಣಿ ಕಡೆಯ ಇನ್ನಾವ ಊರೇ ಇರಲಿ, ಕಬ್ಬಿನ ಹೊಲದ ಬದುವಿನ ಮೇಲೆ ಕಸ ಕೊಲ್ಲುವ ಎಣ್ಣಿ ಅಟ್ರಾಜಿನ್ ಬಗ್ಗೆ ಇದೇ ಮಾತು: "ಅಟ್ರಾಜಿನ್ ಬೇರು ಸುಡತೈತಿ. ಎರಡ ಪಟ್ಟು ಹೊಡೆದ್ರ ಲಗೂನ ಸುಡತೈತಿ." ಎರಡೂ ಸುಳ್ಳು.

ಬೇರು ಅದನ್ನು ಹೀರುತ್ತದೆ, ಅಷ್ಟೇ. ನೀರಿನೊಡನೆ ಮೇಲೇರಿ ಎಲೆ ಸೇರಿದ ಮೇಲೆ ಅದರ ಕೆಲಸ ಶುರು. ಅಲ್ಲಿ ನೂರಾರು ಪತ್ರಹರಿತಿನ ಅಣುಗಳು ಬೆಳಕು ಹಿಡಿದು, ಆ ಶಕ್ತಿಯನ್ನು ಒಂದರಿಂದ ಒಂದಕ್ಕೆ ದಾಟಿಸಿ ಪ್ರತಿಕ್ರಿಯಾ ಕೇಂದ್ರಕ್ಕೆ ಮುಟ್ಟಿಸುತ್ತವೆ. ಇದಕ್ಕೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗವೂ ಹಿಡಿಯುವುದಿಲ್ಲ. ಕೇಂದ್ರದಿಂದ ಹೊರಟ ಎಲೆಕ್ಟ್ರಾನ್, ಡಿ1 ಎಂಬ ಪ್ರೋಟೀನಿನ ಗೂಡಿನಲ್ಲಿರುವ ಪ್ಲಾಸ್ಟೊಕ್ವಿನೋನ್ ಅಣುವನ್ನೇರಿ ಮುಂದೆ ಸಾಗಬೇಕು. ಅಟ್ರಾಜಿನ್ ಆ ಗೂಡಿನಲ್ಲೇ ಹೋಗಿ ಕೂರುತ್ತದೆ. ದಾರಿ ಬಂದ್. ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ. ಖರ್ಚಾಗದ ಶಕ್ತಿ ಆಮ್ಲಜನಕವನ್ನು ಕೆರಳಿಸುತ್ತದೆ, ಕೆರಳಿದ ಆಮ್ಲಜನಕ ಎಲೆಯ ಪೊರೆಗಳನ್ನು ಹಾಳುಮಾಡುತ್ತದೆ. ಆಹಾರ ತಯಾರಾಗದೆ ಸಾಯುವ ಮೊದಲೇ ಕಸ ಬೆಳಕಿನಿಂದ ಸಾಯುತ್ತದೆ. ಹಸಿರಾಗಿಯೇ ಮೊಳೆತು, ಆಮೇಲೆ ಅಂಚಿನಿಂದ ಹಳದಿಯಾಗುವುದು ಇದಕ್ಕೇ. "ಎಣ್ಣಿ ಡುಪ್ಲಿಕೇಟ್" ಎಂದು ನಾಲ್ಕೇ ದಿನಕ್ಕೆ ಮತ್ತೆ ಪಂಪು ಹೊರುವವರು ದಯವಿಟ್ಟು ತಡೆಯಬೇಕು.

ಕಬ್ಬು ಉಳಿಯುವುದು ಅದು ಗಟ್ಟಿ ಬೆಳೆ ಎಂದಲ್ಲ. ಅದರ ಎಲೆಯಲ್ಲೂ ಅದೇ ಗೂಡಿದೆ. ಆದರೆ ಕಬ್ಬು, ಗೊಂಜಾಳಗಳಲ್ಲಿ ಒಂದು ಕಿಣ್ವ ಅಟ್ರಾಜಿನ್‌ಗೆ ಗ್ಲುಟಾಥಿಯೋನ್ ಅಂಟಿಸಿ ಅದರ ವಿಷ ಇಳಿಸುತ್ತದೆ. ಆ ಕಿಣ್ವಕ್ಕೂ ಮಿತಿಯಿದೆ. ಸಾಲಿನ ನಡುವೆ ಹಾಕಿದ ಸೋಯಾ, ಶೇಂಗಾಕ್ಕೆ ಅಷ್ಟು ತಾಕತ್ತಿಲ್ಲ. ಅವು ಒಣಗಿದರೆ ನಾವು ಬೀಜವನ್ನು ಬೈಯುತ್ತೇವೆ, ಮಣ್ಣನ್ನು ಬೈಯುತ್ತೇವೆ, ಡಬ್ಬಿಯ ಮೇಲಿನ ಬರಹ ಓದುವುದಿಲ್ಲ.

ಅರಳಿ ಮರ ರಾತ್ರಿ ಆಮ್ಲಜನಕ ಕೊಡುತ್ತದೆ ಎಂಬುದೂ ಬೇರು ಸುಡುವ ಮಾತಿನ ಜಾತಿಯದೇ ನಂಬಿಕೆ. ಎಲೆ ಬಿಡುವ ಆಮ್ಲಜನಕ ನೀರಿನದು ಎಂದು 1941ರಲ್ಲೇ ರೂಬೆನ್ ಮತ್ತು ಕಾಮೆನ್ ತೋರಿಸಿದರು, ನೀರು ಸೀಳಲು ಬೆಳಕೇ ಬೇಕು. ದ್ಯುತಿಸಂಶ್ಲೇಷಣೆಯ ಸಮೀಕರಣ ಬಾಯಿಪಾಠ ಒಪ್ಪಿಸಿ ಪಾಸಾದ ಹುಡುಗರೇ ಅರಳಿ ಮರದ ಆ ಮಾತನ್ನು ಮೊಬೈಲಿನಲ್ಲಿ ಹಂಚುತ್ತಾರೆ. ಅಂಗಡಿಯವನು ಹೇಳಿದ್ದನ್ನು, ಫಾರ್ವರ್ಡ್ ಆಗಿ ಬಂದದ್ದನ್ನು ಹಾಗೆಯೇ ನಂಬುವ ಈ ಚಟ ನನಗೆ ಸಹಿಸಲಾಗದು. ನಷ್ಟ ಆಗುವುದು ನಮ್ಮದೇ ಹೊಲಕ್ಕೆ.

ಇನ್ನು ಎರಡು ಪಟ್ಟಿನ ಮಾತು. ಗೂಡುಗಳೆಲ್ಲ ತುಂಬಿದ ಮೇಲೆ ಮಿಕ್ಕ ಎಣ್ಣಿಗೆ ಎಲೆಯಲ್ಲಿ ಕೆಲಸವಿಲ್ಲ. ಅದು ಮಣ್ಣಿನಲ್ಲಿ ಉಳಿದು ಮುಂದಿನ ಬೆಳೆಯನ್ನು ಕಾಡುತ್ತದೆ, ಬಾವಿಯ ನೀರಿಗೂ ಇಳಿಯುತ್ತದೆ. ಮತ್ತೆ ಮತ್ತೆ ಹೊಡೆದರೆ ಎಣ್ಣಿಯೇ ಕೆಲಸಕ್ಕೆ ಬಾರದಾಗಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ನರ್ಸರಿಯಲ್ಲಿ ವರ್ಷವರ್ಷವೂ ಇದೇ ಗುಂಪಿನ ಕಳೆನಾಶಕ ಹೊಡೆಯುತ್ತಿದ್ದರು. 1968ರಲ್ಲಿ ಅಲ್ಲಿ ಸಾಯದ ಕಳೆ ಕಂಡಿತು. ಇಂಥ ಕಳೆಗಳ ಡಿ1ನಲ್ಲಿ 264ನೆಯ ಜಾಗದ ಸೆರಿನ್ ಎಂಬ ಅಮೈನೊ ಆಮ್ಲ ಹೋಗಿ ಗ್ಲೈಸಿನ್ ಬಂದಿರುತ್ತದೆ. ಆ ಗೂಡಿನಲ್ಲಿ ಅಟ್ರಾಜಿನ್ ನೆಲೆ ನಿಲ್ಲದು, ಎಷ್ಟು ಪಟ್ಟು ಹೊಡೆದರೂ.