ಅಳಿವೆಯಿಂದ ಅಳಿವೆಗೆ

ಮಂಗಳೂರಿನಿಂದ ಕಾರವಾರದವರೆಗೆ ಕಡಲ ಮಗ್ಗುಲಲ್ಲಿ ಹಾಯುವ ಸುಮಾರು 270 ಕಿಲೋಮೀಟರಿನ ಹೆದ್ದಾರಿಯನ್ನು ಮನೆಮಂದಿಯೊಡನೆ, ಸಾಧ್ಯವಾದರೆ ಮನೆಯ ಹಿರಿಯರನ್ನೂ ಕೂಡಿಕೊಂಡು, ಸಾವಕಾಶವಾಗಿ ಕ್ರಮಿಸಬೇಕೆಂಬ ಅಭಿಲಾಷೆಯುಳ್ಳವರಿಗೆ ನಾನು ಮೊದಲು ಅರಿಕೆ ಮಾಡಿಕೊಳ್ಳುವ ಮಾತೆಂದರೆ, ಈ ದಾರಿಯನ್ನು ಹೊಳೆಗಳ ಲೆಕ್ಕದಲ್ಲಿ ಎಣಿಸಿರಿ ಎಂಬುದು. ಪಣಂಬೂರು, ಸುರತ್ಕಲ್, ಪಡುಬಿದ್ರಿ, ಕಾಪು, ಮಲ್ಪೆ ಎಂದು ಕಡಲತೀರಗಳ ಹೆಸರನ್ನೇ ಪಟ್ಟಿ ಮಾಡಿಕೊಂಡು ಹೊರಟವರ ಮಕ್ಕಳು ಮೂರನೆಯ ತೀರಕ್ಕೆ ಬರುವಷ್ಟರಲ್ಲಿ, ಅದೇ ಮರಳು, ಅದೇ ತೆರೆ ಎಂದು ಬೇಸರಪಡುವುದುಂಟು. ಹೊಳೆಗಳ ಸಂಗತಿ ಹಾಗಲ್ಲ. ಒಂದೊಂದು ಹೊಳೆಯೂ ಕಡಲನ್ನು ಸೇರುವ ರೀತಿ ಒಂದೊಂದು ಬಗೆಯಾಗಿದ್ದು, ಆ ಅಳಿವೆಯ ದಡದಲ್ಲಿ ಬಾಳುವ ಜನರ ನುಡಿ, ಊಟ, ಉದ್ಯೋಗಗಳು ಸಹ ಅದಕ್ಕನುಗುಣವಾಗಿ ಬದಲಾಗುತ್ತ ಹೋಗುತ್ತವೆ.

ಇದಕ್ಕೆ ಕಾರಣ ನೆಲದ ರಚನೆಯಲ್ಲಿಯೇ ಇದೆ. ಸಹ್ಯಾದ್ರಿಯು ಕಡಲಿಗೆ ಬಹು ಸಮೀಪವಾದುದರಿಂದ ಪಶ್ಚಿಮಕ್ಕೆ ಹರಿಯುವ ನದಿಗಳೆಲ್ಲವೂ ಗಿಡ್ಡವಾದವು. ಪ್ರಸಿದ್ಧಳಾದ ಶರಾವತಿಯ ಒಟ್ಟು ಉದ್ದವೇ 128 ಕಿಲೋಮೀಟರು. ಮಳೆಗಾಲದಲ್ಲಿ ಅವು ಘಟ್ಟದ ಮಣ್ಣನ್ನು ಹೊತ್ತು ರಭಸದಿಂದ ಇಳಿದುಬರುತ್ತವೆ. ಇತ್ತ ಅದೇ ಕಾಲಕ್ಕೆ ಉನ್ಮತ್ತವಾಗುವ ಸಮುದ್ರವು ತೆರೆಗಳ ಮೂಲಕ ಮರಳನ್ನು ದಡದುದ್ದಕ್ಕೂ ಎಳೆತಂದು ನದೀಮುಖಕ್ಕೆ ಅಡ್ಡಲಾಗಿ ಒಡ್ಡುತ್ತದೆ. ಹೀಗೆ ಹುಟ್ಟುವ ಮರಳಿನ ಕೋಡಿಯಿಂದಾಗಿ, ಕಡಲನ್ನು ಕೈಯಳತೆಯಲ್ಲಿ ಕಂಡ ಹೊಳೆಯೂ ನೇರವಾಗಿ ಅದರೊಳಗೆ ಬೀಳಲಾರದೆ, ದಡಕ್ಕೆ ಸಮಾನಾಂತರವಾಗಿ ಬಹುದೂರ ಹರಿದು, ಮರಳು ಸಡಿಲವಾದೆಡೆಯಲ್ಲಿ ದಾರಿ ಮಾಡಿಕೊಳ್ಳುತ್ತದೆ.

ಈ ಒಂದು ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ತುಳುನಾಡಿನ ಅಳಿವೆಗಳಲ್ಲಿ ಒಂದು ವಿಶೇಷವು ಗೋಚರವಾಗುತ್ತದೆ: ಇಲ್ಲಿ ನದಿಗಳು ಬಹುಮಟ್ಟಿಗೆ ಜೋಡಿಯಾಗಿಯೇ ಕಡಲಿಗೆ ಹೋಗುತ್ತವೆ. ಮಂಗಳೂರಿನಲ್ಲಿ ನೇತ್ರಾವತಿಯು ತೆಂಕಣಿಂದಲೂ, ಫಲ್ಗುಣಿ ಎಂಬ ಗುರುಪುರ ಹೊಳೆಯು ಬಡಗಣಿಂದಲೂ ಬಂದು ಬೆಂಗ್ರೆಯ ಬಳಿ ಒಂದೇ ಬಾಗಿಲನ್ನು ಹಂಚಿಕೊಳ್ಳುತ್ತವೆ. ಪಾವಂಜೆಯ ನಂದಿನಿಯೂ ಮೂಲ್ಕಿಯ ಶಾಂಭವಿಯೂ ಸಸಿಹಿತ್ಲಿನಲ್ಲಿ ಕೂಡುತ್ತವೆ. ಉಡುಪಿಯಾಚೆಗಿನ ಸುವರ್ಣಾ ಮತ್ತು ಸೀತಾ ನದಿಗಳು ಕೋಡಿಬೆಂಗ್ರೆಯಲ್ಲಿ ಒಂದಾಗುತ್ತವೆ. ಹೆದ್ದಾರಿಯ ಸೇತುವೆಗಳ ಮೇಲೆ ಕ್ಷಣಾರ್ಧದಲ್ಲಿ ಹಾದುಹೋಗುವವರಿಗೆ ಈ ಕೂಟಗಳು ಕಾಣುವುದಿಲ್ಲ. ಮೂರನ್ನೂ ನೋಡಲು ವ್ಯವಧಾನವಿಲ್ಲದವರು ಕೋಡಿಬೆಂಗ್ರೆಯೊಂದನ್ನಾದರೂ ಬಿಡಬಾರದು. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ತೆಂಗಿನ ಸಾಲು, ಒಂದು ಕಿರಿದಾದ ರಸ್ತೆ, ಆ ರಸ್ತೆಯ ಅಂಚಿನಲ್ಲಿ ಬಲೆ ಹೆಣೆಯುತ್ತ ಕುಳಿತ ಮೀನುಗಾರರು: ಇಷ್ಟೇ ಆ ಊರು, ಆದರೆ ಕೋಡಿ ಎಂಬುದು ಏನೆಂದು ಮಕ್ಕಳಿಗೆ ತಿಳಿಸಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ದಾರಿಯಲ್ಲಿ ಸಿಗುವ ಕಾಪುವಿನ ದೀಪಸ್ತಂಭ 1901ರಲ್ಲಿ ಕಟ್ಟಿದ್ದು. ಅದು ನಿಂತಿರುವ ಬಂಡೆಯನ್ನು ಹತ್ತಿ ಕರಾವಳಿಯ ರೇಖೆಯನ್ನು ಒಮ್ಮೆ ದಿಟ್ಟಿಸಿದರೆ ಮುಂದಿನ ಪ್ರಯಾಣದ ಅಂದಾಜು ದೊರೆಯುತ್ತದೆ.

ಮಾಬುಕಳದಲ್ಲಿ ಸೀತಾನದಿಯನ್ನು ದಾಟಿದೊಡನೆ ತುಳುವಿನ ಧ್ವನಿ ಹಿಂದೆ ಸರಿದು, ಚಹಾದಂಗಡಿಯಲ್ಲಿ ಕುಂದಾಪುರದ ಕನ್ನಡ ಕಿವಿಗೆ ಬೀಳತೊಡಗುತ್ತದೆ. "ಎಂತಕ್ಕೆ ಬಂದದ್? ಹ್ವಾಯ್, ಕೂಕಣಿ" ಎಂಬ ಉಪಚಾರದ ಮಾತನ್ನು ಕೇಳಿ, ಬಯಲುಸೀಮೆಯಲ್ಲಿ ಬೆಳೆದ ನನ್ನ ಮಗಳು ಇದು ಬೇರೆ ಭಾಷೆಯೇ ಎಂದು ಬೆರಗಿನಿಂದ ಕೇಳಿದಳು. 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಕೋಟ ಈ ಹಾದಿಯಲ್ಲಿಯೇ ಇದೆ. ಅವರ 'ಮರಳಿ ಮಣ್ಣಿಗೆ'ಯನ್ನು ಓದಿದವರು ಹೊಳೆ, ಹಿನ್ನೀರು, ಉಪ್ಪುಗಾಳಿಯ ಗದ್ದೆ ಇವುಗಳ ನಡುವೆ ಬದುಕುವುದೆಂದರೇನೆಂದು ಮೊದಲೇ ಅರಿತಿರುತ್ತಾರೆ. ಓದದವರು ಪ್ರಯಾಣಕ್ಕೆ ಮುಂಚೆ ಓದಿದರೆ ಕಣ್ಣು ಹೆಚ್ಚು ಕಾಣುತ್ತದೆ.

ಗಂಗೊಳ್ಳಿಯಲ್ಲಿ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗುತ್ತವೆ. ಅವುಗಳಲ್ಲೊಂದಾದ ಸೌಪರ್ಣಿಕೆಯೇ ಮರವಂತೆಯ ಅದ್ಭುತಕ್ಕೆ ಕಾರಣಳು. ಕೊಡಚಾದ್ರಿಯಲ್ಲಿ ಹುಟ್ಟಿ, ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯನ್ನು ಹಾದು, ಮರವಂತೆಯಲ್ಲಿ ಕಡಲಿನ ಮೊರೆತ ಕೇಳುವಷ್ಟು ಹತ್ತಿರಕ್ಕೆ ಬಂದ ಈ ನದಿ ಅಲ್ಲಿಂದ ತೆಂಕಣಕ್ಕೆ ತಿರುಗಿ ಗಂಗೊಳ್ಳಿಗೆ ಹೋಗುತ್ತದೆ. ನದಿಗೂ ಕಡಲಿಗೂ ನಡುವೆ ಉಳಿದ ನೆಲವೆಂದರೆ ಹೆದ್ದಾರಿ ಮತ್ತು ಅದರ ಅಂಚು. ಪಡುವಣಕ್ಕೆ ಮುಖ ಮಾಡಿದರೆ ಕಪ್ಪುಬಂಡೆಗಳಿಗೆ ಅಪ್ಪಳಿಸಿ ನೊರೆಯಾಗುವ ತೆರೆ. ಹಿಂದಿರುಗಿ ನೋಡಿದರೆ ವರಾಹಸ್ವಾಮಿಯ ಗುಡಿಯ ಆಚೆಗೆ ಅಲುಗಾಡದ ಹಸುರು ನೀರು, ತೆಂಗಿನ ನಡುಗಡ್ಡೆಗಳು, ದೂರದಲ್ಲಿ ಘಟ್ಟದ ನೀಲಿ. ಕಾರಿನಿಂದ ಇಳಿಯದೆ ಚಿತ್ರ ತೆಗೆದುಕೊಂಡು ಹೊರಟುಹೋಗುವವರನ್ನು ಕಂಡರೆ ನನಗೆ ವ್ಯಥೆಯಾಗುತ್ತದೆ. ಆ ಬಂಡೆಗಳನ್ನು ಅಲ್ಲಿ ಮನುಷ್ಯರು ತಂದು ಸುರಿದದ್ದು ಕಡಲ್ಕೊರೆತವನ್ನು ತಡೆಯಲೆಂದು. ಈ ದೃಶ್ಯವು ಎಂದೆಂದಿಗೂ ಹೀಗೆಯೇ ಇರುವುದೆಂಬ ಭರವಸೆ ಯಾರಿಗೂ ಇಲ್ಲ.

ಬೈಂದೂರು ಕಳೆದು ಉತ್ತರ ಕನ್ನಡವನ್ನು ಹೊಕ್ಕರೆ ಘಟ್ಟವು ರಸ್ತೆಗೆ ಇನ್ನಷ್ಟು ಸಮೀಪಿಸುತ್ತದೆ. ಭಟ್ಕಳ, ಮುರುಡೇಶ್ವರಗಳ ವಿಷಯ ಬಲ್ಲವರು ಬಹಳ ಮಂದಿ ಇರುವುದರಿಂದ ಅವುಗಳನ್ನು ಬಿಟ್ಟು ಹೊನ್ನಾವರಕ್ಕೆ ಬರುತ್ತೇನೆ. ಇಲ್ಲಿಂದ ಮುಂದೆ ದೊಡ್ಡ ಹೊಳೆಗಳು ನಾಲ್ಕು, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಇವು ಒಂಟಿಯಾಗಿಯೇ ಕಡಲಿಗೆ ಹೋಗತಕ್ಕವು. ಶರಾವತಿಯ ವಿಸ್ತಾರವನ್ನು ಕಂಡ ಮಗಳು, "ಅಜ್ಜ, ಸೇತುವೆ ಇಲ್ಲದಾಗ ಇದನ್ನು ಹೇಗೆ ದಾಟ್ತಿದ್ರಿ?" ಎಂದಳು. "ಕಾದು ದಾಟ್ತಿದ್ವಿ, ಮಗಾ. ಬಸ್ಸು ಈ ದಡಕ್ಕೆ ಬಂದು ನಿಲ್ತಿತ್ತು. ಗಂಟು ಮೂಟೆ ಹೊತ್ತು ಇಳಿದು, ಲಾಂಚು ಹತ್ತಿ ಆ ಕಡೆ ಹೋದರೆ, ಅಲ್ಲಿ ಇನ್ನೊಂದು ಬಸ್ಸು. ಮಳೆಗಾಲದಲ್ಲಿ ಲಾಂಚು ಬಿಡದಿದ್ದರೆ ಆ ದಿನ ಇಲ್ಲೇ ಠಿಕಾಣಿ" ಎಂದು ನಮ್ಮ ತಂದೆಯವರು ವಿವರಿಸಿದರು. ತೆಂಕಣದವರು ಕಡವು ಎಂದೂ, ಇತ್ತಲಿನವರು ತಾರಿ ಎಂದೂ ಕರೆಯುವ ಆ ದೋಣಿದಾಟುಗಳಲ್ಲಿ ಎಷ್ಟು ಪರಿಚಯಗಳು ಬೆಳೆಯುತ್ತಿದ್ದುವೆಂಬುದನ್ನು ಅವರಿಂದ ಕೇಳುತ್ತಲೇ ನಾವು ಸೇತುವೆಯನ್ನು ಮುಗಿಸಿದೆವು. ಪಕ್ಕದಲ್ಲಿ ಕಾಣುವ, ಎರಡು ಕಿಲೋಮೀಟರಿಗೂ ತುಸು ಮಿಗಿಲಾದ ರೈಲು ಸೇತುವೆಯು ಕೊಂಕಣ ರೈಲ್ವೆಯಲ್ಲಿಯೇ ಅತಿ ದೀರ್ಘವಾದುದು. ಆ ಮಾರ್ಗವು ಪೂರ್ಣಗೊಂಡುದು 1998ರಲ್ಲಿ.

ಶರಾವತಿಯನ್ನೂ ಅಘನಾಶಿನಿಯನ್ನೂ ಒಂದೇ ದಿನ ನೋಡಬೇಕೆಂಬುದು ನನ್ನ ಆಗ್ರಹ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು, ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲಿಯೂ ಹರಿಯತೊಡಗಿದ ಮೇಲೆ ಶರಾವತಿಯ ಅಳಿವೆಯಲ್ಲಿ ಉಪ್ಪಿನ ಅಂಶ ಕುಗ್ಗಿತು. ಉಪ್ಪನ್ನೇ ನೆಚ್ಚಿದ ಚಿಪ್ಪುಜೀವಿಗಳು ಅಲ್ಲಿ ವಿರಳವಾದುವು. ನೆರೆಯ ಅಘನಾಶಿನಿಗೆ ಈವರೆಗೂ ಅಣೆಕಟ್ಟೆಯಿಲ್ಲ. ಅಲ್ಲಿ ಇಳಿತದ ಹೊತ್ತಿಗೆ ಹೋಗಿ ನಿಲ್ಲಬೇಕು. ಹೆಂಗಸರು ಸೀರೆಯನ್ನು ಮೇಲೆತ್ತಿ ಕಟ್ಟಿ, ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲ್ಬೆರಳಿನಿಂದಲೇ ಕೆಸರನ್ನು ತಡವಿ, ಬೆಳಚು ಎಂಬ ಚಿಪ್ಪುಜೀವಿ ಸಿಕ್ಕಿತೆಂದರೆ ಬಾಗಿ ತೆಗೆದು, ಹಗ್ಗ ಕಟ್ಟಿ ತೇಲಬಿಟ್ಟ ಪಾತ್ರೆಗೆ ಹಾಕುತ್ತಾರೆ. ನೀರು ತುಂಬಿ ಬರುವ ಮುನ್ನ ಪಾತ್ರೆ ತುಂಬಬೇಕು. ದಡಕ್ಕೆ ಬಂದವರೊಬ್ಬರು ಮಗಳ ಅಂಗೈಯಲ್ಲಿ ಒಂದು ಬೆಳಚನ್ನಿಟ್ಟು, "ಮುಟ್ಟು ತಂಗಿ, ಕಚ್ಚೂದಿಲ್ಲ" ಎಂದರು. ಅದು ಬಾಯಿಯನ್ನು ಕೂದಲೆಳೆಯಷ್ಟು ತೆರೆದು ಒಂದು ಹನಿ ನೀರನ್ನು ಚಿಮ್ಮಿಸಿ ಮತ್ತೆ ಮುಚ್ಚಿಕೊಂಡುದನ್ನು ಅವಳು ಉಸಿರು ಹಿಡಿದು ನೋಡಿದಳು. ಈ ಹೊಳೆಯ ಇಕ್ಕೆಲದ ಗಜನಿ ಭೂಮಿಯಲ್ಲಿ, ಉಪ್ಪುನೀರನ್ನು ಸಹಿಸಿ ಗೊಬ್ಬರವಿಲ್ಲದೆಯೇ ಬೆಳೆಯುವ ಕಗ್ಗ ಎಂಬ ಭತ್ತವಿದೆ. ಗೋಕರ್ಣದ ಹಾದಿಯಲ್ಲಿರುವ ಸಾಣಿಕಟ್ಟೆಯಲ್ಲಿ ಇದೇ ಅಳಿವೆಯ ನೀರನ್ನು ಭರತದ ವೇಳೆಗೆ ಒಳಬಿಟ್ಟು, ಪಾತಿಯಿಂದ ಪಾತಿಗೆ ಹರಿಸಿ, ಬಿಸಿಲಿಗೆ ಗಟ್ಟಿಗೊಳಿಸಿ, ಬೇಸಿಗೆಯಲ್ಲಿ ಉಪ್ಪನ್ನು ಎಳೆದು ರಾಶಿ ಹಾಕುತ್ತಾರೆ. ಇಂತಹ ಉಪ್ಪಿನ ನಾಡಾದ ಅಂಕೋಲೆಯಲ್ಲಿ 1930ರ ಏಪ್ರಿಲ್ಲಿನಲ್ಲಿ ಉಪ್ಪಿನ ಸತ್ಯಾಗ್ರಹ ಪ್ರಾರಂಭವಾದುದರಲ್ಲಿ ಆಶ್ಚರ್ಯವೇನಿದೆ!

ಅಂಕೋಲೆಗೆ ಮುಂಚೆ ಗಂಗಾವಳಿಯ ದಡದ ಶಿರೂರಿನಲ್ಲಿ ವಾಹನವನ್ನು ಮೆಲ್ಲಗೆ ನಡೆಯಿಸಿರಿ. 2024ರ ಜುಲೈ 16ರಂದು, ಚತುಷ್ಪಥಕ್ಕಾಗಿ ಬುಡವನ್ನು ಕಡಿದಿದ್ದ ಗುಡ್ಡವು ಅತಿವೃಷ್ಟಿಗೆ ಕುಸಿದು, ರಸ್ತೆಯಲ್ಲಿದ್ದವರನ್ನೂ ಚಹಾದಂಗಡಿಯನ್ನೂ ಹೊಳೆಗೆ ತಳ್ಳಿತು. ಮೂರು ವಾರ ಕಳೆಯುತ್ತಲೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಮುರಿದುಬಿತ್ತು. ನದಿಗೆ ಬಿದ್ದ ಲಾರಿಯ ಚಾಲಕನನ್ನು ಜೀವಂತವಾಗಿ ಮೇಲೆತ್ತಿದುದು ಒಂದು ಭಾಗ್ಯ. ಪ್ರಯಾಣದ ಅರ್ಧ ತಾಸನ್ನು ಉಳಿಸಲು ಬೆಟ್ಟದ ಪಾದವನ್ನು ನೆಟ್ಟಗೆ ಕತ್ತರಿಸುವ ಅವಸರ ನಮಗೆ ಬೇಕಾಗಿರಲಿಲ್ಲವೆಂದೇ ನಾನು ನಂಬಿದ್ದೇನೆ. ಮಳೆಗಾಲದ ಇಂತಹ ಕುಸಿತಗಳ ಕಾರಣದಿಂದಲೂ, ಆಗ ಕಡಲು ನೀರಿಗಿಳಿಯಗೊಡದ ಕಾರಣದಿಂದಲೂ, ಮಕ್ಕಳೊಡನೆ ಹೋಗತಕ್ಕವರು ಆಷಾಢ ಶ್ರಾವಣಗಳನ್ನು ಬಿಟ್ಟು, ದೀಪಾವಳಿಯ ಅನಂತರ ಶಿವರಾತ್ರಿಯೊಳಗೆ ಹೊರಡುವುದು ಯುಕ್ತ.

ಕಾರವಾರದಲ್ಲಿ ಬೆಟ್ಟವು ಕಡಲನ್ನು ಮುಟ್ಟಿಯೇಬಿಡುತ್ತದೆ. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಠಾಕೂರರು 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಈ ಊರಿನಲ್ಲಿಯೇ ಬರೆದರು. ಕಾಳಿಯಲ್ಲಿ ದೋಣಿಯೇರಿ ಹೊಳೆಯ ಮೇಲ್ಗಡೆಗೆ ಹೋಗಿ, ಬೆಳುದಿಂಗಳಿನಲ್ಲಿ ಹಿಂದಿರುಗಿದ ಪ್ರಸಂಗವನ್ನು ತಮ್ಮ ಆತ್ಮಕಥನದಲ್ಲಿ ಸ್ಮರಿಸಿದ್ದಾರೆ. ಊರಿನ ಕಡಲತೀರಕ್ಕೆ ಅವರದೇ ಹೆಸರು. ಕಾಳಿಯನ್ನು ದಾಟಿ ಸದಾಶಿವಗಡದ ಗುಡ್ಡವನ್ನು ಹತ್ತಿದರೆ ಅಳಿವೆಯು ಆದ್ಯಂತವಾಗಿ ಕಾಣುತ್ತದೆ. ಅಲ್ಲಿಂದ ಹೆದ್ದಾರಿ ಮಾಜಾಳಿಯ ಮೇಲೆ ಗೋವೆಗೆ ಹೋಗುತ್ತದೆ, ಹೆಚ್ಚಿನವರು ಅತ್ತಲೇ ನಡೆಯುತ್ತಾರೆ. ಇನ್ನೊಂದು ದಿನದ ಬಿಡುವಿರುವ ಕುಟುಂಬಕ್ಕೆ ನನ್ನ ಸಲಹೆ ಬೇರೆ: ಗೋವೆಯನ್ನು ಇನ್ನೊಮ್ಮೆಗೆ ಇಟ್ಟುಕೊಂಡು, ಕಾಳಿಯ ದಡವನ್ನೇ ಹಿಡಿದು ಕದ್ರಾದ ಕಡೆಗೆ, ಘಟ್ಟದ ಬುಡದವರೆಗೆ ಹೋಗಿಬನ್ನಿ.