ಉದ್ಯೋಗಾನ್ವೇಷಣೆಯೂ ದಿನಚರಿಯೂ

“ಎಷ್ಟೋ ಅರ್ಜಿಗಳನ್ನು ಹಾಕಿಯಾಯಿತು ಮಾಷ್ಟ್ರೇ, ಇನ್ನು ಹಾಕಿ ಫಲವೇನು?” ಎಂಬ ಪ್ರಶ್ನೆಯನ್ನು ಹಳೆಯ ವಿದ್ಯಾರ್ಥಿಗಳ ಬಾಯಿಂದ ಕೇಳುವುದು ಅಧ್ಯಾಪಕರಾದ ನಮಗೆ ಹೊಸತಲ್ಲ. ಪ್ರಶ್ನೆಯು ನ್ಯಾಯವಾದುದೇ. “ಧೈರ್ಯಗೆಡಬೇಡ” ಎಂಬೊಂದು ಮಾತಿನಿಂದ ಇದಕ್ಕೆ ಉತ್ತರ ಹೇಳಿ ಮುಗಿಸುವುದು ಸುಲಭ; ಆದರೆ ಅದರಿಂದ ಕೇಳಿದವನಿಗೆ ಕಿಂಚಿತ್ತೂ ಪ್ರಯೋಜನವಾಗದು. ಧೈರ್ಯವು ಯಾವ ಬಗೆಯಿಂದ ಕೆಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ನಮ್ಮ ಕಾಸರಗೋಡಿನ ಜನರು 2020ನೆಯ ಇಸವಿಯನ್ನು ಮರೆಯಲಾರರು. ಆ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಿತು. ಕರ್ನಾಟಕದ ಕಡೆಯಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ದಾರಿಯನ್ನು ತಡೆಯಲಾಯಿತು. ದಿನವೂ ತಲಪಾಡಿಯನ್ನು ದಾಟಿ ಮಂಗಳೂರಿನ ಅಂಗಡಿ, ಆಸ್ಪತ್ರೆ, ಕಚೇರಿಗಳಿಗೆ ಹೋಗಿಬರುತ್ತಿದ್ದವರು ಮನೆಯಲ್ಲಿ ಕುಳಿತರು. ಕೊಲ್ಲಿ ನಾಡುಗಳಿಂದ ಹಲವರು ಕೆಲಸ ಕಳೆದುಕೊಂಡು ಹಿಂತಿರುಗಿದರು. ಆ ವರ್ಷ ಅರ್ಜಿ ಹಾಕಿ ನಿರಾಶನಾದ ತರುಣನ ವಿದ್ಯೆಯು ಹಿಂದಿನ ವರ್ಷಕ್ಕಿಂತ ಕಡಿಮೆಯಾಗಿತ್ತೇ? ಇಲ್ಲ, ಕಡಿಮೆಯಾದುದು ಕೆಲಸಗಳ ಸಂಖ್ಯೆ. ಹತ್ತು ಸ್ಥಾನಗಳಿದ್ದಲ್ಲಿ ಎರಡೇ ಉಳಿದರೆ, ಮೂರನೆಯವನಿಂದ ಹತ್ತನೆಯವನವರೆಗಿನ ಎಂಟು ಮಂದಿ ಯೋಗ್ಯರೂ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಲೆಕ್ಕ ಸರಳವಾದುದು. ಆದರೆ ಮನಸ್ಸು ಈ ಲೆಕ್ಕವನ್ನು ಒಪ್ಪದೆ, ಪ್ರತಿಯೊಂದು ತಿರಸ್ಕಾರವನ್ನೂ ತನ್ನ ಯೋಗ್ಯತೆಯ ಮೇಲಿನ ತೀರ್ಪೆಂದೇ ಬಗೆಯುತ್ತದೆ.

ಈ ವಿಷಯದಲ್ಲಿ ಬಹಳ ಹಿಂದೆ ಯುರೋಪಿನಲ್ಲಿ ನಡೆದ ಒಂದು ಸಂಶೋಧನೆಯು ನಾವೆಲ್ಲರೂ ತಿಳಿಯತಕ್ಕದ್ದು. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಸಮೀಪದಲ್ಲಿ ಮಾರಿಯೆಂತಾಲ್ ಎಂಬ ಹಳ್ಳಿಯಿದೆ. ಅಲ್ಲಿಯವರ ಜೀವನಕ್ಕೆಲ್ಲ ಒಂದು ಬಟ್ಟೆಯ ಗಿರಣಿಯೇ ಆಧಾರವಾಗಿತ್ತು. ಜಗತ್ತನ್ನೆಲ್ಲ ಆವರಿಸಿದ ಮಹಾ ಆರ್ಥಿಕ ಮುಗ್ಗಟ್ಟಿನಲ್ಲಿ, 1929–30ರ ಸುಮಾರಿಗೆ, ಆ ಗಿರಣಿಯು ಮುಚ್ಚಿತು. 478 ಕುಟುಂಬಗಳ ಆ ಊರಿನಲ್ಲಿ ಮುಕ್ಕಾಲು ಪಾಲು ಕುಟುಂಬಗಳು ನಿರುದ್ಯೋಗಕ್ಕೆ ಬಿದ್ದವು. ಮಾರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಮೊದಲಾದ ತರುಣ ವಿದ್ವಾಂಸರು ಅಲ್ಲಿಯ ಜನಜೀವನವನ್ನು ಪರಿಶೀಲಿಸಿ, 1933ರಲ್ಲಿ ಗ್ರಂಥವನ್ನು ಪ್ರಕಟಿಸಿದರು.

ಕೆಲಸವಿಲ್ಲದವರಿಗೆ ಬಿಡುವು ಹೆಚ್ಚು. ಆದುದರಿಂದ ಓದುವುದೂ ಹೆಚ್ಚಾಗಿರಬೇಕೆಂದು ನೀವು ಊಹಿಸಬಹುದು. ಆದುದು ವಿಪರೀತ. ಎರವಲಿಗೆ ಹಿಂದೆ ತೆರಬೇಕಾಗಿದ್ದ ಅಲ್ಪ ಶುಲ್ಕವನ್ನು ತೆಗೆದುಹಾಕಿದ್ದರೂ, 1929ರಿಂದ 1931ಕ್ಕೆ ಅಲ್ಲಿಯ ಗ್ರಂಥಾಲಯದಿಂದ ಹೊರಹೋದ ಪುಸ್ತಕಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಸಂಶೋಧಕರು ಕಿಟಕಿಯ ಮರೆಯಲ್ಲಿ ಕುಳಿತು ಬೀದಿಯಲ್ಲಿ ಹೋಗುವವರ ನಡಿಗೆಯನ್ನೂ ಅಳೆದರು. ಗಂಡಸರು ನಿಧಾನವಾಗಿ, ಅಲ್ಲಲ್ಲಿ ನಿಂತು ನಿಂತು ನಡೆಯುತ್ತಿದ್ದರು. ಹೆಂಗಸರ ನಡಿಗೆ ಸುಮಾರು ಒಂದೂವರೆ ಪಟ್ಟು ಬಿರುಸಾಗಿತ್ತು. ಬೆಳಗ್ಗೆ ಎದ್ದುದರಿಂದ ಮಧ್ಯಾಹ್ನದವರೆಗೆ ಏನು ಮಾಡಿದಿರೆಂದು ಬರೆದುಕೊಡಲು ಹೇಳಿದರೆ, ಅನೇಕ ಗಂಡಸರಿಗೆ ಬರೆಯಲು ಏನೂ ತೋಚಲಿಲ್ಲ. ಕೆಲಸದೊಂದಿಗೆ ಹೊತ್ತಿನ ಅಂದಾಜೂ ಅವರ ಕೈಬಿಟ್ಟಿತ್ತು.

ಎಲ್ಲಕ್ಕಿಂತ ಮುಖ್ಯವಾದುದು ಅವರು ಕುಟುಂಬಗಳನ್ನು ವಿಂಗಡಿಸಿದ ಬಗೆ. ಕೆಲವು ಮನೆಗಳು ಎದೆಗುಂದದೆ ಇದ್ದವು. ಅಲ್ಲಿ ಮುಂದಿನ ಯೋಚನೆಯೂ ಕೆಲಸದ ಹುಡುಕಾಟವೂ ನಿಂತಿರಲಿಲ್ಲ. ಬಹುಸಂಖ್ಯೆಯ ಮನೆಗಳಲ್ಲಿ ಒಲೆ ಉರಿಯುತ್ತಿತ್ತು, ಮಕ್ಕಳು ಶುಚಿಯಾಗಿದ್ದರು, ಜಗಳವಿರಲಿಲ್ಲ. ಹೊರನೋಟಕ್ಕೆ ಯಾವ ಕುಂದೂ ಇರಲಿಲ್ಲ. ಆದರೆ ನಾಳೆಯನ್ನು ಕುರಿತ ಯೋಚನೆಯನ್ನು ಅವರು ಬಿಟ್ಟುಬಿಟ್ಟಿದ್ದರು. ಪ್ರಯತ್ನವು ನಿಲ್ಲುವುದು ಹೀಗೆ ಸದ್ದಿಲ್ಲದೆ. ಇನ್ನು ಕೆಲಸ ಹುಡುಕುವುದಿಲ್ಲವೆಂದು ಯಾರೂ ಶಪಥ ಮಾಡುವುದಿಲ್ಲ. ಈ ವಾರ ಬೇಡ, ಮುಂದಿನ ವಾರ ನೋಡೋಣವೆಂದು ವರ್ಷವು ಕಳೆದುಹೋಗುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ಆ ಬಡವರಿಗೆ ಅನ್ಯಾಯವಾದೀತು. ಎದೆಗುಂದದ ಮನೆಗಳ ಮಾಸಿಕ ವರಮಾನ ತಲೆಗೆ ಸರಾಸರಿ 34 ಷಿಲ್ಲಿಂಗ್, ಕೈಚೆಲ್ಲಿದ ಮನೆಗಳದು 30, ಹತಾಶರದು 25, ಪೂರ್ತಿ ಜಡರಾದವರದು 19. ಮನೋಬಲವೆಂಬುದು ಕೇವಲ ಗುಣದ ಮಾತಲ್ಲ, ಅನ್ನದ ಮಾತೂ ಹೌದು. ನಾಲ್ಕಾರು ಷಿಲ್ಲಿಂಗ್‌ಗಳ ಅಂತರವು ಮನುಷ್ಯನನ್ನು ನಿಲ್ಲಿಸುತ್ತದೆ ಅಥವಾ ಬೀಳಿಸುತ್ತದೆ. ಆದುದರಿಂದ ಪದವೀಧರನು ಅಲ್ಪ ಸಂಪಾದನೆಯ ತಾತ್ಕಾಲಿಕ ಕೆಲಸವನ್ನು ಹಿಡಿದರೆ ಅದನ್ನು ಅವಮಾನವೆಂದು ತಿಳಿಯಬಾರದು. ನಮ್ಮಲ್ಲಿ ಶಾಲೆಗಳು ತೆರೆಯುವ ಮೇ–ಜೂನ್ ಹೊತ್ತಿಗೆ ದಿನವೇತನದ ಅಧ್ಯಾಪಕರಿಗಾಗಿ ಸಂದರ್ಶನಗಳು ನಡೆಯುತ್ತವೆ. ಕನ್ನಡದಲ್ಲಿ ಪಾಠ ಹೇಳಬಲ್ಲವರಿಗೆ ಈ ಜಿಲ್ಲೆಯಲ್ಲಿ ಅದೊಂದು ದಾರಿ. ಸರಕಾರಿ ನೌಕರರಲ್ಲಿ ಬಹುಮಂದಿ ನಿವೃತ್ತರಾಗುವುದೂ ಮೇ 31ರಂದೇ. (ಹಿಂದಿನ ಕಾಲದ ಮುಖ್ಯೋಪಾಧ್ಯಾಯರು ಶಾಲೆಗೆ ಸೇರಿಸುವಾಗ ಅರ್ಧ ಊರಿನ ಮಕ್ಕಳನ್ನು ಮೇ ತಿಂಗಳಲ್ಲೇ ಹುಟ್ಟಿಸಿಬಿಡುತ್ತಿದ್ದುದರ ಫಲವಿದು!)

ಹಾಗಾದರೆ ಹುಡುಕಾಟವನ್ನೇ ಒಂದು ಉದ್ಯೋಗವೆಂದು ಭಾವಿಸಿ ಅದಕ್ಕೆ ಹೊತ್ತನ್ನು ಗೊತ್ತುಮಾಡಬೇಕು. ಬೆಳಗ್ಗೆ ಎರಡು ಗಂಟೆ ಓದು. ಬಳಿಕ ವಾಚನಾಲಯದಲ್ಲಿ ಪತ್ರಿಕೆಗಳ ಪ್ರಕಟಣೆಗಳನ್ನು ನೋಡುವುದು. ಒಂದು ನೋಟುಪುಸ್ತಕದಲ್ಲಿ ಅರ್ಜಿಯ ದಿನಾಂಕ, ಕೊನೆಯ ದಿನ, ಬಂದ ಉತ್ತರ ಇವನ್ನು ಬರೆದಿಡುವುದು. ಈ ಪುಸ್ತಕದ ಬೆಲೆ ತಿಳಿಯುವುದು ಕೇರಳ ಲೋಕಸೇವಾ ಆಯೋಗದ ಕ್ರಮವನ್ನು ಅರಿತಾಗ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಪರೀಕ್ಷೆಗೆ ಕುಳಿತುಕೊಳ್ಳುವ ಹಕ್ಕು ಬಾರದು. ಪರೀಕ್ಷೆ ಬರೆಯುತ್ತೇನೆಂಬ ದೃಢೀಕರಣವನ್ನು ಗೊತ್ತಾದ ದಿನಗಳೊಳಗೆ ತನ್ನ ನೋಂದಣಿ ಪುಟದಲ್ಲಿ ಕೊಡಬೇಕು. ಕೊಡದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಕನ್ನಡದಲ್ಲಿ ಪ್ರಶ್ನಪತ್ರಿಕೆ ದೊರೆಯುವ ಪರೀಕ್ಷೆಗಳೂ ಇವೆ. ಅಂಥಲ್ಲಿ ಭಾಷೆಯನ್ನು ಸಕಾಲದಲ್ಲಿ ಆಯ್ದುಕೊಳ್ಳಬೇಕು. ರ‍್ಯಾಂಕ್ ಪಟ್ಟಿಗೆ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷಗಳ ಆಯುಸ್ಸು. ಹೆಸರು ಪಟ್ಟಿಯಲ್ಲಿ ಕೆಳಗಿದ್ದವನು “ಹೇಗೂ ಬಂದೀತು” ಎಂದು ಕುಳಿತರೆ, ಪಟ್ಟಿ ತೀರಿದ ದಿನ ಅವನ ಕೈಯಲ್ಲಿ ಬೇರೆ ಯಾವ ಅರ್ಜಿಯೂ ಇರುವುದಿಲ್ಲ. ಉದ್ಯೋಗ ವಿನಿಮಯ ಕೇಂದ್ರದ ನೋಂದಣಿಯನ್ನೂ ಕಾಲಕಾಲಕ್ಕೆ ನವೀಕರಿಸದಿದ್ದರೆ ಹಿರಿತನವು ನಷ್ಟವಾಗುತ್ತದೆ. ಬಿಡುವಿನ ಕಾಲದಲ್ಲಿ ಮಲೆಯಾಳವನ್ನು ಚೆನ್ನಾಗಿ ಓದಿ ಬರೆಯಲು ಕಲಿಯುವುದೂ ಲಾಭವೇ. ಕನ್ನಡವನ್ನು ಬಿಡಬೇಕೆಂದು ಇದರ ಅರ್ಥವಲ್ಲ; ಎರಡನ್ನೂ ಬಲ್ಲವನು ಈ ಜಿಲ್ಲೆಯ ಕಚೇರಿಗಳಿಗೆ ಬೇಕಾದವನು.

ಇನ್ನು ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. ಮಾರಿಯೆಂತಾಲಿನ ಹೆಂಗಸರ ನಡಿಗೆ ಏಕೆ ಬಿರುಸಾಗಿತ್ತು? ಅವರಿಗೆ ಮನೆಗೆಲಸವು ತಪ್ಪಿರಲಿಲ್ಲ, ದಿನಕ್ಕೆ ಕಟ್ಟುಪಾಡು ಉಳಿದಿತ್ತು. ಕೆಲಸ ಹುಡುಕುವ ಮಗನಿಗೆ ಮನೆಯಲ್ಲಿ ಒಂದು ಹೊಣೆಯನ್ನು ಒಪ್ಪಿಸುವುದು ಅವನಿಗೆ ಒಳ್ಳೆಯದೇ. ಆದರೆ ತೋಟಕ್ಕೆ ನೀರು ಬಿಡುವುದೋ ಅಡಿಕೆ ಸುಲಿಯುವುದೋ ಮಧ್ಯಾಹ್ನದ ಮೇಲೆ ಇರಲಿ, ಬೆಳಗಿನ ಹೊತ್ತನ್ನು ಅವನಿಗೆ ಬಿಟ್ಟುಕೊಡಿ. “ಏನಾಯಿತು?” ಎಂದು ದಿನವೂ ಊಟದ ಹೊತ್ತಿನಲ್ಲಿ ಕೇಳುವುದನ್ನು ವಾರಕ್ಕೊಮ್ಮೆಗೆ ಇಳಿಸಿ. ಹೆಣ್ಣುಮಕ್ಕಳ ವಿಷಯದಲ್ಲಿ ತೊಂದರೆ ಬೇರೆ: ಕೆಲಸವಿಲ್ಲದ ಮಗಳು ಸದಾ ಬಿಡುವಾಗಿದ್ದಾಳೆಂದು ಎಣಿಸಿ, ಮನೆಯವರೆಲ್ಲರೂ ಅವಳ ಹೊತ್ತನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಅವಳಿಗೂ ಆ ಎರಡು ಗಂಟೆಗಳು ಬೇಕು. ಪರೀಕ್ಷಾ ಕೇಂದ್ರವು ದೂರವಿದ್ದರೆ ಹಿಂದಿನ ದಿನವೇ ಬಸ್ಸಿನ ವೇಳೆಯನ್ನು ವಿಚಾರಿಸಿಕೊಂಡು, ಮನೆಯವರೊಬ್ಬರು ಅವಳ ಜೊತೆಗೆ ಹೊರಡಲಿ.